163: ಒಂಬತ್ತರಲ್ಲಿ ಕೊನೆಯದು

163 ಎಂಬ ಸಂಖ್ಯೆಗೆ ಮೇಲ್ನೋಟಕ್ಕೆ ಯಾವ ಹಿರಿಮೆಯೂ ಇಲ್ಲ. ಅದು ಅವಿಭಾಜ್ಯ ಎಂಬುದು ನಿಜ, ಆದರೆ ಅದರ ಹಿಂದೆ ಇರುವ 157 ಮತ್ತು ಮುಂದೆ ಬರುವ 167 ಕೂಡ ಅವಿಭಾಜ್ಯಗಳೇ. ಅದು ಯಾವುದರ ವರ್ಗವೂ ಅಲ್ಲ, ಘನವೂ ಅಲ್ಲ. 6 ಅಥವಾ 28ರಂತೆ, ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತಕ್ಕೆ ಸಮನಾಗುವ ಪರಿಪೂರ್ಣ ಸಂಖ್ಯೆಯೂ ಅಲ್ಲ. ಹೀಗಿದ್ದರೂ ಗಣಿತದಲ್ಲಿ ಒಂದಕ್ಕೊಂದು ನಂಟೇ ಇಲ್ಲವೆಂದು ತೋರುವ ಮೂರು ಕಡೆಗಳಲ್ಲಿ ಇದೇ ಸಂಖ್ಯೆ ಎದುರಾಗುತ್ತದೆ: ಸಾಲುಸಾಲಾಗಿ ಅವಿಭಾಜ್ಯಗಳನ್ನು ಕೊಡುವ ಒಂದು ಸರಳ ವರ್ಗೋಕ್ತಿಯಲ್ಲಿ, ಪೂರ್ಣಾಂಕಕ್ಕೆ ಕೂದಲೆಳೆಯಷ್ಟು ಹತ್ತಿರ ಬಂದು ನಿಲ್ಲುವ ಒಂದು ಬೀಜಾತೀತ ಸಂಖ್ಯೆಯಲ್ಲಿ (ಪೂರ್ಣಾಂಕ ಗುಣಾಂಕಗಳುಳ್ಳ ಯಾವ ಬೀಜಗಣಿತ ಸಮೀಕರಣಕ್ಕೂ ಮೂಲವಾಗದ ಸಂಖ್ಯೆಯಲ್ಲಿ), ಮತ್ತು ಪೈ ಬೆಲೆಯನ್ನು ಲೆಕ್ಕ ಹಾಕಲು ಇಂದಿನ ಕಂಪ್ಯೂಟರುಗಳು ಬಳಸುವ ಸೂತ್ರದಲ್ಲಿ. ಇವನ್ನು ಮೂರು ಬಿಡಿ ಅಚ್ಚರಿಗಳೆಂದು ಹೇಳಿ ಮುಗಿಸುವುದು ರೂಢಿ. ಹಾಗೆ ಮುಗಿಸಿದರೆ ಅವುಗಳಲ್ಲಿನ ನಿಜವಾದ ಸೊಗಸು ಕೈತಪ್ಪುತ್ತದೆ ಎಂಬುದು ನನ್ನ ನಂಬಿಕೆ. ಮೂರರ ಹಿಂದೆಯೂ ಇರುವುದು ಒಂದೇ ಕಾರಣ, ಮತ್ತು ಆ ಕಾರಣದ ದೊಡ್ಡ ಭಾಗವನ್ನು ಶಾಲೆಯ ಬೀಜಗಣಿತ ಬಲ್ಲವರು ಯಾರೇ ಆದರೂ ಹಿಡಿಯಬಹುದು.

ವರ್ಗೋಕ್ತಿಯಿಂದ ಆರಂಭಿಸುತ್ತೇನೆ. ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯನ್ನು ಕೂಡಿಸಿ, ಅದಕ್ಕೆ 41 ಸೇರಿಸಿ. ಅಂದರೆ ನ² + ನ + 41. ನ ಬೆಲೆ 0 ಆದಾಗ 41, 1 ಆದಾಗ 43, ಮುಂದೆ 47, 53, 61, 71, 83, 97. ಎಲ್ಲವೂ ಅವಿಭಾಜ್ಯಗಳು. ನ ಬೆಲೆ 39 ಆಗಿ ಉತ್ತರ 1601 ಬರುವವರೆಗೆ, ಒಟ್ಟು 40 ಉತ್ತರಗಳಲ್ಲಿ ಒಂದೂ ತಪ್ಪುವುದಿಲ್ಲ. ಈ ಬಗೆಯ ಉಕ್ತಿಯನ್ನು 1772ರಲ್ಲಿ ಜಗತ್ತಿಗೆ ತೋರಿಸಿದವರು ಆಯ್ಲರ್. 40ಕ್ಕೆ ಬಂದಾಗ 1681 ಸಿಗುತ್ತದೆ, ಅದು 41ರ ವರ್ಗ. 41ಕ್ಕೆ 1763 ಸಿಗುತ್ತದೆ, ಅದು 41 × 43. ಆ ಮೇಲೂ ಉಕ್ತಿಯ ಗುಣ ಪೂರ್ತಿ ಕೆಡುವುದಿಲ್ಲ: 42ಕ್ಕೆ ಬರುವ 1847 ಮತ್ತು 43ಕ್ಕೆ ಬರುವ 1933 ಅವಿಭಾಜ್ಯಗಳು, 44ಕ್ಕೆ ಬರುವ 2021 ಮಾತ್ರ 43 × 47. ಸಂಖ್ಯೆಗಳನ್ನು ಚೌಕಾಕಾರದ ಸುರುಳಿಯಾಗಿ ಬರೆದರೆ ಅವಿಭಾಜ್ಯಗಳು ಕರ್ಣರೇಖೆಗಳ ಮೇಲೆ ಗುಂಪುಗೂಡುತ್ತವೆ ಎಂದು 1963ರಲ್ಲಿ ಸ್ಟ್ಯಾನಿಸ್ಲಾವ್ ಉಲಾಮ್ ಗಮನಿಸಿದರು. ಆ ಸುರುಳಿಯನ್ನು 41ರಿಂದ ಆರಂಭಿಸಿದರೆ ನಟ್ಟನಡುವಿನ ಕರ್ಣದ ಮೇಲೆ ಕೂರುವುದು ಈ 40 ಸಂಖ್ಯೆಗಳೇ.

ಇಲ್ಲಿ 163 ಎಲ್ಲಿದೆ? ಉಕ್ತಿಯನ್ನು 4ರಿಂದ ಗುಣಿಸಿ ಜೋಡಿಸಿದರೆ ಅದು (2ನ + 1)² + 163 ಆಗುತ್ತದೆ. ಅದರ ಶೋಧಕ −163. ಹೀಗಾಗಿ ಈ ಉಕ್ತಿಯನ್ನು ಎರಡು ಅಪವರ್ತನಗಳಾಗಿ ಒಡೆಯಬೇಕಾದರೆ −163ರ ವರ್ಗಮೂಲವನ್ನು ಒಳಗೆ ಬಿಟ್ಟುಕೊಳ್ಳಬೇಕು. ಬಿಟ್ಟುಕೊಳ್ಳೋಣ. (1 + √−163)/2 ಎಂಬ ಸಂಖ್ಯೆಯನ್ನು ತ ಎಂದು ಕರೆದು, ಕ ಮತ್ತು ಖ ಸಾಮಾನ್ಯ ಪೂರ್ಣಾಂಕಗಳಾಗಿರುವ ಕ + ಖತ ಎಂಬ ರೂಪದ ಎಲ್ಲ ಸಂಖ್ಯೆಗಳನ್ನು ಒಟ್ಟುಗೂಡಿಸಿದರೆ, ಕೂಡಿಸಿದರೂ ಕಳೆದರೂ ಗುಣಿಸಿದರೂ ಹೊರಗೆ ಹೋಗದ ಒಂದು ಸಂಖ್ಯಾಲೋಕ ಸಿಗುತ್ತದೆ. ಈ ಲೋಕದ ಪ್ರತಿ ಸಂಖ್ಯೆಗೂ ಒಂದು ನಾರ್ಮ್ ಇದೆ: ಅದನ್ನು ಅದರ ಜೋಡಿ ಸಂಖ್ಯೆಯಿಂದ, ಎಂದರೆ ವರ್ಗಮೂಲದ ಚಿಹ್ನೆಯನ್ನು ಮಾತ್ರ ತಿರುಗಿಸಿದಾಗ ದೊರೆಯುವ ಸಂಖ್ಯೆಯಿಂದ, ಗುಣಿಸಿದಾಗ ಬರುವ ಕ² + ಕಖ + 41ಖ². ಎರಡು ಸಂಖ್ಯೆಗಳನ್ನು ಗುಣಿಸಿದರೆ ಅವುಗಳ ನಾರ್ಮ್‌ಗಳೂ ಗುಣಿಸಿಕೊಳ್ಳುತ್ತವೆ. ಆಯ್ಲರ್ ಉಕ್ತಿ ಈ ಲೋಕದಲ್ಲಿ ನ + ತ ಎಂಬ ಸಂಖ್ಯೆಯ ನಾರ್ಮ್, ಅಷ್ಟೇ.

ಈಗ ಮುಖ್ಯವಾದ ಸಂಗತಿಗೆ ಬರುತ್ತೇನೆ. ಸಾಮಾನ್ಯ ಪೂರ್ಣಾಂಕಗಳಲ್ಲಿ ಪ್ರತಿ ಸಂಖ್ಯೆಯೂ ಒಂದೇ ಒಂದು ರೀತಿಯಲ್ಲಿ ಅವಿಭಾಜ್ಯಗಳಾಗಿ ಒಡೆಯುತ್ತದೆ. 60 ಎಂದರೆ 2 × 2 × 3 × 5, ಬೇರೆ ದಾರಿಯಿಲ್ಲ. ನಾವು ಚಿಕ್ಕಂದಿನಿಂದ ಇದಕ್ಕೆ ಎಷ್ಟು ಒಗ್ಗಿಹೋಗಿದ್ದೇವೆಂದರೆ ಇದೊಂದು ಪ್ರಮೇಯ, ಇದಕ್ಕೆ ಸಾಧನೆ ಬೇಕು ಎಂಬುದನ್ನೇ ಮರೆಯುತ್ತೇವೆ. ವರ್ಗಮೂಲಗಳನ್ನು ಬೆರೆಸಿದ ಲೋಕಗಳಲ್ಲಿ ಈ ಗುಣ ಸಾಮಾನ್ಯವಾಗಿ ಉಳಿಯುವುದಿಲ್ಲ. √−5 ಸೇರಿದ ಲೋಕದಲ್ಲಿ 6 ಎಂಬುದು 2 × 3 ಕೂಡ ಹೌದು, (1 + √−5)(1 − √−5) ಕೂಡ ಹೌದು, ಮತ್ತು ಈ ನಾಲ್ಕು ಅಪವರ್ತನಗಳಲ್ಲಿ ಯಾವುದನ್ನೂ ಅಲ್ಲಿ ಮುಂದೆ ಒಡೆಯಲಾಗದು. ಆದರೆ √−163 ಸೇರಿದ ನಮ್ಮ ಲೋಕದಲ್ಲಿ ಅಪವರ್ತನದ ಅನನ್ಯತೆ ಚ್ಯುತಿಯಿಲ್ಲದೆ ಉಳಿಯುತ್ತದೆ. ಮೊದಲು ಹೇಳಿದ ಒಂದೇ ಕಾರಣ ಎಂದರೆ ಇದು.

ಇದೊಂದನ್ನು ಒಪ್ಪಿಕೊಂಡರೆ ಆಯ್ಲರ್ ಉಕ್ತಿಯ ಗುಟ್ಟು ಕೆಲವೇ ಸಾಲುಗಳಲ್ಲಿ ಬಿಚ್ಚಿಕೊಳ್ಳುತ್ತದೆ, ಮತ್ತು ಆ ಸಾಲುಗಳನ್ನು ಪೂರ್ತಿಯಾಗಿ ಬರೆಯದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಪ ಎಂಬ ಸಾಮಾನ್ಯ ಅವಿಭಾಜ್ಯವೊಂದು ನ² + ನ + 41ನ್ನು ಭಾಗಿಸುತ್ತದೆ ಎಂದುಕೊಳ್ಳಿ. ನಮ್ಮ ಲೋಕದಲ್ಲಿ ಅದು ನ + ತ ಮತ್ತು ಅದರ ಜೋಡಿಯ ಗುಣಲಬ್ಧವನ್ನು ಭಾಗಿಸುತ್ತದೆ, ಆದರೆ ಎರಡರಲ್ಲಿ ಯಾವುದನ್ನೂ ಬಿಡಿಯಾಗಿ ಭಾಗಿಸುವುದಿಲ್ಲ, ಏಕೆಂದರೆ ತ ಮುಂದಿರುವ ಗುಣಾಂಕ ಒಂದರಲ್ಲಿ 1, ಇನ್ನೊಂದರಲ್ಲಿ −1. ಅಪವರ್ತನ ಅನನ್ಯವಾಗಿರುವಲ್ಲಿ ಒಡೆಯಲಾಗದ ಸಂಖ್ಯೆ ಹೀಗೆ ನಡೆದುಕೊಳ್ಳಲಾರದು. ಗುಣಲಬ್ಧವನ್ನು ಭಾಗಿಸಿದರೆ ಅದು ಯಾವುದಾದರೂ ಒಂದು ಅಪವರ್ತನವನ್ನು ಭಾಗಿಸಲೇಬೇಕು. ಆದ್ದರಿಂದ ಪ ಈ ಲೋಕದಲ್ಲಿ ಒಡೆಯುತ್ತದೆ, ಮತ್ತು ಒಡೆದ ಎರಡು ತುಂಡುಗಳ ನಾರ್ಮ್‌ಗಳ ಗುಣಲಬ್ಧ ಪ² ಆಗಿರುವುದರಿಂದ ಪ್ರತಿ ತುಂಡಿನ ನಾರ್ಮ್ ಪ ಆಗಿರುತ್ತದೆ. ಅಂದರೆ ಪ = ಕ² + ಕಖ + 41ಖ² ಎಂಬಂತೆ ಕ, ಖ ಸಿಗಬೇಕು. ಖ ಸೊನ್ನೆಯಾದರೆ ಬಲಬದಿ ಬರಿಯ ವರ್ಗವಾಗುತ್ತದೆ, ಅದು ಅವಿಭಾಜ್ಯವಾಗಲಾರದು. ಖ ಸೊನ್ನೆಯಲ್ಲದಿದ್ದರೆ ಬಲಬದಿಯ ಬೆಲೆ 163ರ ಕಾಲುಭಾಗಕ್ಕಿಂತ, ಅಂದರೆ 40.75ಕ್ಕಿಂತ, ಕೆಳಗಿಳಿಯುವುದಿಲ್ಲ, ಪೂರ್ಣಾಂಕವಾದ್ದರಿಂದ ಅದು ಕನಿಷ್ಠ 41. ಹೀಗಾಗಿ 41ಕ್ಕಿಂತ ಚಿಕ್ಕದಾದ ಯಾವ ಅವಿಭಾಜ್ಯವೂ ಈ ಉಕ್ತಿಯ ಯಾವ ಬೆಲೆಯನ್ನೂ ಎಂದೆಂದಿಗೂ ಭಾಗಿಸುವುದಿಲ್ಲ. 41ರ ವರ್ಗವಾದ 1681ಕ್ಕಿಂತ ಚಿಕ್ಕ ಬೆಲೆಗಳೆಲ್ಲ ಅವಿಭಾಜ್ಯಗಳಾಗದೆ ಬೇರೆ ದಾರಿಯೇ ಇಲ್ಲ.

ಮೊದಲ ಸೋಲು 41 × 41, ಮುಂದಿನದು 41 × 43, ಅದರ ಮುಂದಿನದು 43 × 47 ಆಗಿರುವುದೂ ಇದರಿಂದಲೇ. 40 ಅವಿಭಾಜ್ಯಗಳು ಸಾಲಾಗಿ ಬಂದದ್ದು ಕಾಕತಾಳೀಯವಲ್ಲ, ಅನಿವಾರ್ಯ. ಇದರ ಮರುದಿಕ್ಕಿನ ಮಾತೂ ಸತ್ಯವೆಂದು 1913ರಲ್ಲಿ ಪ್ರಕಟವಾದ ತಮ್ಮ ಲೇಖನದಲ್ಲಿ ರಾಬಿನೋವಿಚ್ ತೋರಿಸಿದರು: 41ರ ಜಾಗದಲ್ಲಿ ಬೇರೊಂದು ಅವಿಭಾಜ್ಯವನ್ನಿಟ್ಟು, 0ಯಿಂದ ಅದಕ್ಕಿಂತ 2 ಕಡಿಮೆಯವರೆಗಿನ ಎಲ್ಲ ಸಂಖ್ಯೆಗಳಿಗೂ ಅವಿಭಾಜ್ಯಗಳೇ ಬಂದರೆ, ಅದಕ್ಕೆ ಸಂಬಂಧಿಸಿದ ಲೋಕದಲ್ಲಿ ಅಪವರ್ತನ ಅನನ್ಯವಾಗಿಯೇ ಇರುತ್ತದೆ. 2, 3, 5, 11, 17, 41 ಇವುಗಳಿಗೆ ಹಾಗಾಗುತ್ತದೆ. ಅವು ಕ್ರಮವಾಗಿ 7, 11, 19, 43, 67, 163 ಎಂಬ ಸಂಖ್ಯೆಗಳನ್ನು ಕೊಡುತ್ತವೆ.

ಎರಡನೆಯ ಜಾಗ ಹೆಚ್ಚು ಪ್ರಸಿದ್ಧವಾದದ್ದು. ಸ್ವಾಭಾವಿಕ ಲಾಗರಿದಮ್‌ನ ಆಧಾರವಾದ ಇ ಎಂಬ ಸ್ಥಿರಾಂಕವನ್ನು ಪೈ × √163 ಎಂಬ ಘಾತಕ್ಕೆ ಏರಿಸಿದರೆ ಸಿಗುವ ಬೆಲೆ 262537412640768743.99999999999925 ಎಂದು ಆರಂಭವಾಗುತ್ತದೆ. ದಶಮಾಂಶ ಬಿಂದುವಿನ ನಂತರ 12 ಒಂಬತ್ತುಗಳಿವೆ. ಇ, ಪೈ, √163 ಮೂರೂ ಅಭಾಗಲಬ್ಧಗಳು. ಅವು ಸೇರಿ ಪೂರ್ಣಾಂಕವನ್ನು ಇಷ್ಟು ಹತ್ತಿರದಿಂದ ಮುಟ್ಟಲು ಹೋಗುವುದು ಯಾರನ್ನಾದರೂ ನಿಲ್ಲಿಸಿ ನೋಡಿಸುತ್ತದೆ. ಎರ್ಮಿತ್ ಇದನ್ನು 1859ರಲ್ಲಿಯೇ ಗಮನಿಸಿದ್ದರು. 1975ರ ಏಪ್ರಿಲ್‌ನಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯ ತಮ್ಮ ಅಂಕಣದಲ್ಲಿ ಮಾರ್ಟಿನ್ ಗಾರ್ಡ್ನರ್ ಇದು ಸರಿಯಾಗಿ ಪೂರ್ಣಾಂಕವೇ ಎಂದು ಸಾಧಿಸಲಾಗಿದೆಯೆಂದೂ, ರಾಮಾನುಜನ್ ಅದನ್ನು ಊಹಿಸಿದ್ದರೆಂದೂ ಏಪ್ರಿಲ್ ತಿಂಗಳ ತಮಾಷೆಯಾಗಿ ಬರೆದರು. ಆ ಮೂಲಕ ಅಂಟಿಕೊಂಡ ರಾಮಾನುಜನ್ ಸ್ಥಿರಾಂಕ ಎಂಬ ಹೆಸರು ಇಂದಿಗೂ ಓಡಾಡುತ್ತಿದೆ. ರಾಮಾನುಜನ್ 1914ರ ತಮ್ಮ ಲೇಖನದಲ್ಲಿ 22, 37, 58 ಇವುಗಳ ವರ್ಗಮೂಲಗಳಿಂದ ಬರುವ ಇಂಥದೇ ಸಂಖ್ಯೆಗಳನ್ನು ಪರಿಶೀಲಿಸಿದ್ದರು, 163ನ್ನಲ್ಲ. ಅವರ ನಿಜವಾದ ಕೆಲಸವೇ ಅಷ್ಟು ಎತ್ತರದ್ದಾಗಿರುವಾಗ ಇಲ್ಲದ ಕೀರ್ತಿಯನ್ನು ಹೊರಿಸುವುದು ಅವರಿಗೆ ಸಲ್ಲಿಸುವ ಗೌರವವಲ್ಲ ಎಂದು ನನಗೆ ಅನಿಸುತ್ತದೆ. ಈ ಸಂಖ್ಯೆ ಪೂರ್ಣಾಂಕವಾಗಲು ಸಾಧ್ಯವೇ ಇಲ್ಲ. ಅದು ಬೀಜಾತೀತ ಎಂಬುದು 1934ರಲ್ಲಿ ಗೆಲ್ಫಾಂಡ್ ಮತ್ತು ಶ್ನೈಡರ್ ಬೇರೆಬೇರೆಯಾಗಿ ಸಾಧಿಸಿದ ಪ್ರಮೇಯದಿಂದ ನೇರವಾಗಿ ಹೊರಡುತ್ತದೆ.

ಹಾಗಿದ್ದರೆ ಇಷ್ಟು ಹತ್ತಿರ ಬರುವುದೇಕೆ? ಸಂಕೀರ್ಣ ಸಂಖ್ಯೆಗಳ ಸಮತಲದಲ್ಲಿ ನಮ್ಮ ಲೋಕದ ಸಂಖ್ಯೆಗಳನ್ನೆಲ್ಲ ಚುಕ್ಕಿಗಳಾಗಿ ಗುರುತಿಸಿದರೆ ಒಂದು ನಿಯಮಿತವಾದ ಜಾಲ ಮೂಡುತ್ತದೆ. ಇಂಥ ಪ್ರತಿ ಜಾಲಕ್ಕೂ ಅದರ ಆಕಾರವನ್ನು ಹೇಳುವ ಒಂದು ಸಂಖ್ಯೆಯನ್ನು ನಿಗದಿ ಮಾಡುವ ಫಲನವಿದೆ. ಗಣಿತಜ್ಞರು ಅದನ್ನು ಜೆ ಎಂದು ಕರೆಯುತ್ತಾರೆ. ಜಾಲವನ್ನು ತಿರುಗಿಸಿದರೂ ಹಿಗ್ಗಿಸಿದರೂ ಜೆ ಬೆಲೆ ಬದಲಾಗದು. 19ನೆಯ ಶತಮಾನದಲ್ಲಿ ಕ್ರೋನೆಕರ್, ವೇಬರ್ ಮೊದಲಾದವರು ಕಟ್ಟಿದ ಸಿದ್ಧಾಂತ ಹೇಳುವುದೇನೆಂದರೆ, ಋಣಸಂಖ್ಯೆಯ ವರ್ಗಮೂಲದಿಂದ ಹುಟ್ಟಿದ ಜಾಲದ ಜೆ ಬೆಲೆ ಪೂರ್ಣಾಂಕ ಗುಣಾಂಕಗಳುಳ್ಳ, ಮೊದಲ ಗುಣಾಂಕ 1 ಆಗಿರುವ ಒಂದು ಸಮೀಕರಣದ ಮೂಲ; ಆ ಸಮೀಕರಣದ ಡಿಗ್ರಿ ಆ ಲೋಕದ ಕ್ಲಾಸ್ ನಂಬರ್‌ಗೆ ಸಮ. ಅಪವರ್ತನದ ಅನನ್ಯತೆ ಎಷ್ಟರ ಮಟ್ಟಿಗೆ ಮುರಿದುಬಿದ್ದಿದೆ ಎಂಬುದನ್ನು ಅಳೆಯುವ ಸಂಖ್ಯೆಯೇ ಕ್ಲಾಸ್ ನಂಬರ್, ಮತ್ತು ಏನೂ ಮುರಿಯದಿದ್ದಾಗ ಅದರ ಬೆಲೆ 1. ಡಿಗ್ರಿ 1 ಎಂದರೆ ಮೂಲವು ಸ್ವತಃ ಪೂರ್ಣಾಂಕ. ನಮ್ಮ ಜಾಲದ ಜೆ ಬೆಲೆ −640320³.

ಇನ್ನೊಂದು ಕಡೆಯಿಂದ ಇದೇ ಜೆಯನ್ನು ಅನಂತ ಶ್ರೇಣಿಯಾಗಿಯೂ ಬರೆಯಬಹುದು. ಇ ಎಂಬುದರ ಪೈ√163 ಘಾತವನ್ನು ಮ ಎಂದು ಗುರುತಿಸಿದರೆ, ಚಿಹ್ನೆ ತಿರುಗಿಸಿದ ಮೇಲೆ ಆ ಶ್ರೇಣಿ ಮ − 744 + 196884/ಮ ಎಂದು ಆರಂಭವಾಗುತ್ತದೆ, ಮತ್ತು ಮುಂದಿನ ಪದಗಳು ಲೆಕ್ಕಕ್ಕೆ ಬಾರದಷ್ಟು ಚಿಕ್ಕವು. ಎರಡನ್ನೂ ಸಮೀಕರಿಸಿದರೆ ಮ ಬೆಲೆ 640320³ + 744 ಎಂಬ ಪೂರ್ಣಾಂಕದಿಂದ 196884/ಮ ಎಂಬಷ್ಟು ಕಡಿಮೆ. ಮ ಬೆಲೆ 18 ಅಂಕಿಗಳದ್ದಾದ್ದರಿಂದ ಆ ಕೊರತೆ ಸುಮಾರು 0.00000000000075. ದಶಮಾಂಶದ ಕೊನೆಯಲ್ಲಿ ಕಂಡ 25 ಎಲ್ಲಿಂದ ಬಂತೆಂದು ಕೇಳಿದರೆ ಉತ್ತರ ಇಲ್ಲಿದೆ: ಪೂರ್ಣಾಂಕದಿಂದ ಕಳೆದುಹೋದ 75ರ ಉಳಿಕೆ ಅದು. ಒಂಬತ್ತುಗಳ ಸಾಲು ಮಾತ್ರವಲ್ಲ, ಆ ಸಾಲು ಎಲ್ಲಿ ಮುರಿಯಬೇಕು, ಮುರಿದಾಗ ಯಾವ ಅಂಕಿ ಬರಬೇಕು ಎಂಬುದಕ್ಕೂ ಲೆಕ್ಕವಿದೆ. 67ಕ್ಕೆ ಇದೇ ಕೆಲಸ ಮಾಡಿದರೆ 5280³ + 744ರ ಹತ್ತಿರದ 147197952743.9999986 ಸಿಗುತ್ತದೆ, 43ಕ್ಕೆ 960³ + 744ರ ಹತ್ತಿರದ 884736743.9997, 19ಕ್ಕೆ 885479.777 ಮಾತ್ರ. ಸಂಖ್ಯೆ ಚಿಕ್ಕದಾದಂತೆ ಕೊರತೆ ದೊಡ್ಡದಾಗುತ್ತದೆ. ಅನನ್ಯ ಅಪವರ್ತನವುಳ್ಳ ಲೋಕಗಳನ್ನು ಕೊಡುವ ಈ ಸಂಖ್ಯೆಗಳ ಕುಟುಂಬದ ಅತಿ ದೊಡ್ಡ ಸದಸ್ಯನಾದ 163 ಪೂರ್ಣಾಂಕಕ್ಕೆ ಎಲ್ಲರಿಗಿಂತ ಹತ್ತಿರ ಹೋಗುವುದು ಸಹಜ.

ಇಲ್ಲಿ ಬಂದ 196884 ಎಂಬ ಗುಣಾಂಕ 196883 + 1 ಎಂದು 1978ರಲ್ಲಿ ಜಾನ್ ಮೆಕೇ ಗಮನಿಸಿದ್ದರಿಂದ ಮಾನ್‌ಸ್ಟರ್ ಎಂಬ, ಕನಿಷ್ಠ 196883 ಆಯಾಮಗಳ ಜಾಗದಲ್ಲಿ ಕಾಣಿಸಿಕೊಳ್ಳುವ ಸಮಮಿತಿಗಳ ದೈತ್ಯ ಗ್ರೂಪ್‌ನ ಅಧ್ಯಯನ ಹೊಸ ದಿಕ್ಕು ಹಿಡಿಯಿತು. ಆ ಗ್ರೂಪ್‌ಗೆ ಸಂಬಂಧಿಸಿದ ಫಲನಗಳಲ್ಲಿ ಪರಸ್ಪರ ಸ್ವತಂತ್ರವಾದವು 163 ಎಂಬುದನ್ನೂ ಕೆಲವರು ಈ ಕಥೆಗೆ ಸೇರಿಸುತ್ತಾರೆ. ಆ 163 ನಮ್ಮ 163ಕ್ಕೆ ಹೇಗೆ ಸಂಬಂಧಿಸಿದ್ದೆಂದು ಯಾರೂ ತೋರಿಸಿಲ್ಲವಾದ್ದರಿಂದ ನಾನು ಅದನ್ನು ಹೊರಗಿಡುತ್ತೇನೆ.

ಮೂರನೆಯ ಜಾಗದಲ್ಲಿ ಇದೇ 640320 ಮತ್ತೆ ಸಿಗುತ್ತದೆ. ರಾಮಾನುಜನ್ 1914ರಲ್ಲಿ ಪೈಯ ವಿಲೋಮಕ್ಕೆ ಕೊಟ್ಟ ಶ್ರೇಣಿಗಳಲ್ಲಿ ಅತ್ಯಂತ ಹೆಸರಾದದ್ದು 58ರಿಂದ ಹುಟ್ಟಿ, 396 ಎಂಬ ಸಂಖ್ಯೆಯ ಘಾತಗಳನ್ನು ಛೇದದಲ್ಲಿ ಹೊತ್ತಿದೆ. ಅದೇ ದಾರಿಯಲ್ಲಿ ಮುಂದೆ ಹೋದ ಚುದ್ನೋವ್‌ಸ್ಕಿ ಸಹೋದರರು 1980ರ ದಶಕದ ಕೊನೆಯಲ್ಲಿ 163ರಿಂದ ಹೊರಡುವ ಶ್ರೇಣಿಯನ್ನು ಕಟ್ಟಿದರು. ಅದರ ಛೇದದಲ್ಲಿ 640320³ರ ಘಾತಗಳಿವೆ, ಮತ್ತು ಒಂದೊಂದು ಪದ ಸೇರಿಸಿದಂತೆ ಪೈಯ 14ಕ್ಕೂ ಹೆಚ್ಚು ಅಂಕಿಗಳು ಸ್ಥಿರವಾಗುತ್ತವೆ. 2022ರಲ್ಲಿ ಪೈಯ 100 ಲಕ್ಷ ಕೋಟಿ ಅಂಕಿಗಳನ್ನು ಲೆಕ್ಕ ಹಾಕಿದ್ದು ಇದೇ ಸೂತ್ರದಿಂದ. ಸೂತ್ರದ ಅಂಶದಲ್ಲಿ 545140134 ಎಂಬ ಗುಣಾಂಕವಿದೆ. ಎಲ್ಲಿಂದಲೋ ತಂದು ಹಾಕಿದಂತೆ ಕಾಣುವ ಈ ಸಂಖ್ಯೆಯನ್ನು ಒಡೆದು ನೋಡಿದರೆ ಅದು 163 × 3344418. ಇನ್ನು 640320³ಕ್ಕೆ 1728 ಸೇರಿಸಿ. ಬರುವ ಮೊತ್ತ 163 × 40133016², ಮತ್ತು ಆ 40133016 ಎಂಬುದು 3344418ರ 12 ಪಟ್ಟು. ಕೈಯಾರೆ ಗುಣಿಸಿ ಇದನ್ನು ಪರೀಕ್ಷಿಸುವಾಗ ಸಿಗುವ ಸುಖವನ್ನು ಓದುಗರು ಬಿಟ್ಟುಕೊಡಬಾರದು. ಒಂದು ಘನ, ಒಂದು ವರ್ಗ, ನಡುವೆ 163: ಪೈಯ ಸೂತ್ರದೊಳಗಿನ ಅಂಕಿಗಳು ಸಡಿಲವಾಗಿ ಬಿದ್ದವುಗಳಲ್ಲ.

ಉಳಿದಿರುವುದು ಎಲ್ಲಕ್ಕಿಂತ ಕಷ್ಟದ ಪ್ರಶ್ನೆ. 163 ಈ ಕುಟುಂಬದ ಅತಿ ದೊಡ್ಡ ಸದಸ್ಯ ಎಂದೆ. ಅದಕ್ಕಿಂತ ದೊಡ್ಡದೊಂದು ಎಲ್ಲೋ ದೂರದಲ್ಲಿ ಇಲ್ಲವೆಂದು ಹೇಳುವುದು ಹೇಗೆ? ಋಣಸಂಖ್ಯೆಗಳ ವರ್ಗಮೂಲ ಸೇರಿದ ಲೋಕಗಳ ಪೈಕಿ ಅಪವರ್ತನ ಅನನ್ಯವಾಗಿರುವುದು 1, 2, 3, 7, 11, 19, 43, 67, 163 ಎಂಬ ಒಂಬತ್ತಕ್ಕೆ. ಗೌಸ್ 1801ರ ತಮ್ಮ ಗ್ರಂಥದಲ್ಲಿ ವರ್ಗರೂಪಗಳ (ಕ² + ಕಖ + 41ಖ² ಬಗೆಯ ಉಕ್ತಿಗಳ) ಭಾಷೆಯಲ್ಲಿ ಇದಕ್ಕೆ ಸಮನಾದ ಕೋಷ್ಟಕಗಳನ್ನು ಮಾಡಿ, ಇಂಥ ಪಟ್ಟಿಗಳು ಒಂದು ಹಂತದಲ್ಲಿ ಮುಗಿದುಹೋಗುವಂತೆ ಕಾಣುತ್ತವೆ ಎಂದು ಬರೆದರು, ಸಾಧನೆ ಕೊಡಲಿಲ್ಲ. 1934ರಲ್ಲಿ ಹೈಲ್‌ಬ್ರಾನ್ ಮತ್ತು ಲಿನ್‌ಫುಟ್ ಒಂಬತ್ತರ ಮೇಲೆ ಹೆಚ್ಚೆಂದರೆ ಇನ್ನೊಂದೇ ಒಂದು ಇರಬಹುದು ಎಂದು ಸಾಧಿಸಿದರು. ಆ ಹತ್ತನೆಯದು ಇಲ್ಲವೆಂದು ತೋರಿಸಲು ಅವರ ವಿಧಾನದಿಂದ ಆಗಲಿಲ್ಲ.

ತೋರಿಸಿದವರು ಕುರ್ಟ್ ಹೇಗ್ನರ್. 1893ರಲ್ಲಿ ಬರ್ಲಿನ್‌ನಲ್ಲಿ ಹುಟ್ಟಿದ ಅವರು ಯಾವ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೂ ಆಗಿರಲಿಲ್ಲ. 1952ರಲ್ಲಿ ಜರ್ಮನಿಯ ಪ್ರಮುಖ ಗಣಿತ ಪತ್ರಿಕೆಯೊಂದರಲ್ಲಿ ಅವರ ಸಾಧನೆ ಅಚ್ಚಾಯಿತು. ಅವರ ಬರವಣಿಗೆ ಓದಲು ಕಠಿಣವಾಗಿತ್ತು, ವೇಬರ್ ಅವರ ಹಳೆಯ ಗ್ರಂಥದ ಫಲಿತಾಂಶಗಳ ಮೇಲೆ ಅದು ಒರಗಿದ್ದ ಜಾಗದಲ್ಲಿ ದೋಷವಿದೆಯೆಂದು ಇತರರು ಭಾವಿಸಿದರು, ಮತ್ತು ಸಾಧನೆಯನ್ನು ಯಾರೂ ಒಪ್ಪಲಿಲ್ಲ. ಹೇಗ್ನರ್ 1965ರಲ್ಲಿ ತೀರಿಕೊಂಡರು. ಮರುವರ್ಷ ಅಲನ್ ಬೇಕರ್, 1967ರಲ್ಲಿ ಹೆರಾಲ್ಡ್ ಸ್ಟಾರ್ಕ್ ತಮ್ಮತಮ್ಮ ದಾರಿಗಳಲ್ಲಿ ಹತ್ತನೆಯದು ಇಲ್ಲವೆಂದು ಸಾಧಿಸಿದರು. ಆ ಬಳಿಕ ಸ್ಟಾರ್ಕ್ ಸೇರಿದಂತೆ ಕೆಲವರು ಹೇಗ್ನರ್ ಅವರ ಲೇಖನಕ್ಕೆ ಮರಳಿ, ಅದು ಮೂಲತಃ ಸರಿಯಾಗಿಯೇ ಇತ್ತು, ಇದ್ದ ಕೊರತೆ ಸುಲಭವಾಗಿ ತುಂಬಬಹುದಾದಷ್ಟು ಸಣ್ಣದು ಎಂದು ತೋರಿಸಿದರು. ಇಂದು ಆ ಒಂಬತ್ತು ಸಂಖ್ಯೆಗಳಿಗೆ ಹೇಗ್ನರ್ ಸಂಖ್ಯೆಗಳೆಂದೇ ಹೆಸರು. ಮನ್ನಣೆ ಬಂದಾಗ ಅದನ್ನು ಕಾಣಲು ಅವರಿರಲಿಲ್ಲ ಎಂಬುದನ್ನು ಓದುವಾಗಲೆಲ್ಲ ನನಗೆ ನೋವಾಗುತ್ತದೆ.

ಅವರ ಸಾಧನೆಯ ಮುಕ್ತಾಯದ ಭಾಗವನ್ನು ಇಲ್ಲಿ ಹೇಳಬಹುದು, ಹೇಳಲೇಬೇಕು. 1, 2, 7 ಇವುಗಳನ್ನು ಬೇರೆಯಾಗಿ ಸುಲಭದಲ್ಲಿ ಮುಗಿಸಬಹುದು. ಉಳಿದ ಯಾವುದೇ ಸದಸ್ಯನನ್ನು ತೆಗೆದುಕೊಂಡರೂ ಅದರ ಜೆ ಬೆಲೆ ಪೂರ್ಣಾಂಕ ಮಾತ್ರವಲ್ಲ, ಪೂರ್ಣಾಂಕದ ಘನ. ಜೆಯ ಘನಮೂಲಕ್ಕಿಂತ ಇನ್ನೂ ಸೂಕ್ಷ್ಮವಾದ, ವೇಬರ್ ಪರಿಚಯಿಸಿದ ಫಲನಗಳನ್ನು ಹಿಡಿದು ಹೇಗ್ನರ್ ಎರಡು ಪೂರ್ಣಾಂಕಗಳನ್ನು ತಲುಪಿದರು. ಅವನ್ನು ಗ ಮತ್ತು ಚ ಎನ್ನೋಣ. ಚಿಹ್ನೆ ತಿರುಗಿಸಿದ ಘನಮೂಲ (ಚ² − 4ಗ)² + 8(2ಚ − ಗ²) ಆಗುತ್ತದೆ. ಜೊತೆಗೆ 2(ಚ² − 4ಗ) ಎಂಬುದು (2ಚ − ಗ²)ರ ವರ್ಗಕ್ಕೆ ಸಮನಾಗಿರಬೇಕೆಂಬ ಕಟ್ಟುಪಾಡಿದೆ. ಗ = −2ಯ, ಚ = 2ರ + ಗ² ಎಂದು ಬದಲಿಸಿದರೆ ಆ ಕಟ್ಟುಪಾಡು 2ಯ(ಯ³ + 1) = ರ² ಎಂಬ ಸಮೀಕರಣವಾಗುತ್ತದೆ. ಇದಕ್ಕೆ ಪೂರ್ಣಾಂಕಗಳಲ್ಲಿ ಇರುವುದು ಆರೇ ಪರಿಹಾರಗಳು: ಯ = 0 ಆದಾಗ ರ = 0; ಯ = −1 ಆದಾಗ ರ = 0; ಯ = 1 ಆದಾಗ ರ = 2 ಅಥವಾ −2; ಯ = 2 ಆದಾಗ ರ = 6 ಅಥವಾ −6. ಆರು ಪರಿಹಾರಗಳು 3, 11, 19, 43, 67, 163 ಎಂಬ ಆರು ಸದಸ್ಯರಿಗೆ ಒಂದೊಂದಾಗಿ ಹಂಚಿಕೆಯಾಗುತ್ತವೆ. ಏಳನೆಯ ಪರಿಹಾರವಿಲ್ಲ, ಆದ್ದರಿಂದ ಹತ್ತನೆಯ ಸಂಖ್ಯೆಯಿಲ್ಲ.

163 ಬರುವುದು ಯ = 2, ರ = 6 ಎಂಬ ಕೊನೆಯ ಪರಿಹಾರದಿಂದ. ಆಗ ಗ = −4, ಚ = 28; ಚ² − 4ಗ = 800, 2ಚ − ಗ² = 40; ಮತ್ತು 800² + 8 × 40 = 640320. ಈ ಪರಿಹಾರ ಇರುವುದಾದರೂ ಏಕೆಂದರೆ ಯ = 2 ಆದಾಗ 2ಯ ಎಂಬುದು 4, ಯ³ + 1 ಎಂಬುದು 9, ಎರಡೂ ವರ್ಗಗಳು. ಸೊನ್ನೆಯನ್ನು ಬಿಟ್ಟರೆ ಘನವೊಂದಕ್ಕೆ 1 ಕೂಡಿಸಿ ಧನಾತ್ಮಕ ವರ್ಗವನ್ನು ಪಡೆಯುವುದು 8ರಿಂದ 9ಕ್ಕೆ ಹೋಗುವಾಗ ಮಾತ್ರ ಸಾಧ್ಯ ಎಂಬುದನ್ನು ಸಾಧಿಸಿದವರು ಆಯ್ಲರ್, 1738ರಲ್ಲಿ, ತಮ್ಮ 40 ಅವಿಭಾಜ್ಯಗಳ ಉಕ್ತಿಯನ್ನು ತೋರಿಸುವುದಕ್ಕೆ 34 ವರ್ಷ ಮೊದಲು.